ಮುಂದಾಗುವುದೇ ಬೇರೆ, ಮುಂದೆ ಬೀಳುವುದೇ ಬೇರೆ!

‘ನಿಮ್ಮ ಮಗಳು ಓದಿನಲ್ಲಿ ಜಾಣೆ ಮೇಡಂ. ಆದರೆ ಸ್ವಲ್ಪ ಪ್ರೋಆಕ್ಟಿವ್ ಆಗಬೇಕು.’

ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಹೀಗೆ ಅಂದರೆ ನಾವೇನು ಮಾಡ್ತೀವಿ? ‘ಆಯ್ತು ಮಿಸ್, ಹೇಳ್ತೀನಿ’ ಅಂತ ತಲೆಯಾಡಿಸಿ ಬರ್ತೀವಿ. ಮನೆಗೆ ಬಂದ ಮೇಲೆ ಮಗಳು ‘ಹಂಗಂದ್ರೇನಮ್ಮಾ?’ ಎಂದು ಕೇಳಿದರೆ ‘ಚುರುಕಾಗಿರಬೇಕಂತ ನೋಡು’ ಅಂದುಬಿಡ್ತೀವಿ. ಪಕ್ಕದಲ್ಲಿ ಕೂತ ಅತ್ತೆಯವರಿಗೆ ಅದು ‘ಆಕ್ಟಿವಾ’ ಎಂದು ಕೇಳಿಸಿ, ‘ಇಷ್ಟು ಸಣ್ಣ ಹುಡುಗಿಗೆ ಗಾಡಿ ಯಾಕವ್ವಾ?’ ಅಂದರೂ ಅಚ್ಚರಿಯಿಲ್ಲ!

ತಮಾಷೆ ಹಾಗಿರಲಿ. ಈ ಪದ ಈಗ ಎಲ್ಲೆಲ್ಲೂ ಇದೆ. ಗಂಡನ ಆಫೀಸಿನ ಅಪ್ರೈಸಲ್‌ನಲ್ಲಿದೆ, ಮಗನ ಇಂಟರ್‌ವ್ಯೂನಲ್ಲಿದೆ, ಟೀವಿ ಚರ್ಚೆಯಲ್ಲಿದೆ, ಅಪಾರ್ಟ್‌ಮೆಂಟ್ ಸಭೆಯಲ್ಲೂ ಇದೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಚುರುಕು, ಧೈರ್ಯ, ಎಚ್ಚರಿಕೆ, ಮುಂದಾಳತನ... ಯಾವುದು ಸರಿ? ಬನ್ನಿ, ನೋಡೋಣ. ಯಾಕೆಂದರೆ ಈ ಪದದ ಒಳಗಿರುವ ಕೆಲಸವನ್ನು ದಿನಾ ಮಾಡುವವರು ನಾವೇ. ಹೆಸರು ಮಾತ್ರ ನಮಗೆ ಗೊತ್ತಿಲ್ಲ, ಅಷ್ಟೆ.

ಪದ ಬಂದ ದಾರಿ

‘ಆಕ್ಟಿವ್’ ಎಂದರೆ ಚಟುವಟಿಕೆಯಿಂದ ಇರುವುದು. ಅದರ ಹಿಂದೆ ‘ಪ್ರೋ’ ಸೇರಿದೆ. ಇಲ್ಲಿ ‘ಪ್ರೋ’ ಎಂದರೆ ಮುಂದೆ, ಮುಂಚೆ ಎಂಬ ಅರ್ಥ. ಹಾಗಾಗಿ ಕಾಯುತ್ತಾ ಕೂರದೆ ಮುಂಚೆಯೇ ಕೆಲಸಕ್ಕೆ ಇಳಿಯುವುದು ಪ್ರೋಆಕ್ಟಿವ್.

ಈ ಪದ ತೀರಾ ಹಳೆಯದೇನಲ್ಲ. 1930ರ ದಶಕದಲ್ಲಿ ಮನಃಶಾಸ್ತ್ರಜ್ಞರು ಇದನ್ನು ಬಳಸತೊಡಗಿದರು. ಆಗ ಅರ್ಥ ಬೇರೆಯೇ ಇತ್ತು. ಮೊದಲು ಕಲಿತದ್ದು ಆಮೇಲೆ ಕಲಿಯುವುದಕ್ಕೆ ಅಡ್ಡ ಬರುವುದಕ್ಕೆ ಅವರು ಈ ಪದ ಬಳಸುತ್ತಿದ್ದರು. ಎಟಿಎಂ ಪಿನ್ ಬದಲಿಸಿದ ಮೇಲೂ ಕೈ ಹಳೆಯ ನಂಬರನ್ನೇ ಒತ್ತುತ್ತದಲ್ಲ, ಅದೇ! ಮುಂಚೆ ಆದದ್ದು ಮುಂದಿನದರ ಮೇಲೆ ಪರಿಣಾಮ ಮಾಡುತ್ತದೆ ಎಂಬ ಎಳೆ ಅಲ್ಲೇ ಇದೆ ನೋಡಿ.

ಇವತ್ತಿನ ಅರ್ಥದಲ್ಲಿ ಇದನ್ನು ಮನೆಮಾತು ಮಾಡಿದವರಲ್ಲಿ ಅಮೆರಿಕದ ಲೇಖಕ ಸ್ಟೀಫನ್ ಕವಿ ಮುಖ್ಯರು. 1989ರಲ್ಲಿ ಬಂದ ಅವರ ‘ದಿ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್’ ಪುಸ್ತಕದ ಏಳು ಅಭ್ಯಾಸಗಳಲ್ಲಿ ಮೊದಲನೆಯದೇ ‘ಬಿ ಪ್ರೋಆಕ್ಟಿವ್’. ಕವಿ ಎರಡು ವೃತ್ತಗಳ ಲೆಕ್ಕ ಹೇಳುತ್ತಾರೆ. ದೊಡ್ಡ ವೃತ್ತದಲ್ಲಿ ನಾವು ಚಿಂತೆ ಮಾಡುವ ಸಂಗತಿಗಳೆಲ್ಲ ಇರುತ್ತವೆ. ಅದರ ಒಳಗಿನ ಚಿಕ್ಕ ವೃತ್ತದಲ್ಲಿ ನಮ್ಮ ಕೈಯಲ್ಲಿ ಆಗುವ ಸಂಗತಿಗಳು ಮಾತ್ರ. ಬಳ್ಳಾರಿ ಬಿಸಿಲು ದೊಡ್ಡ ವೃತ್ತಕ್ಕೆ ಸೇರಿದ್ದು, ಅದನ್ನು ಬೈದು ಪ್ರಯೋಜನವಿಲ್ಲ. ಹೊರಗಿನ ಕೆಲಸವನ್ನು ಬೆಳಗ್ಗೆ ಹತ್ತರೊಳಗೆ ಮುಗಿಸುವುದು, ಮಗುವಿನ ಬ್ಯಾಗಿಗೆ ಇನ್ನೊಂದು ಬಾಟಲಿ ನೀರು ಹಾಕುವುದು ಚಿಕ್ಕ ವೃತ್ತಕ್ಕೆ ಸೇರಿದ್ದು. ಈ ಚಿಕ್ಕ ವೃತ್ತದಲ್ಲಿ ಕೆಲಸ ಮಾಡುವವರು ಪ್ರೋಆಕ್ಟಿವ್. ದೊಡ್ಡದರಲ್ಲಿ ಕೂತು ಗೊಣಗುವವರು ರಿಯಾಕ್ಟಿವ್.

ತುಂಗಭದ್ರೆಯ ಗೇಟು ಹೇಳುವ ಅರ್ಥ

ಡಿಕ್ಷನರಿಗಿಂತ ಚೆನ್ನಾಗಿ ಈ ಪದವನ್ನು ವಿವರಿಸುವ ಘಟನೆಯೊಂದು ನಮ್ಮ ಸೀಮೆಯಲ್ಲೇ ನಡೆದಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಭತ್ತ, ಮೆಣಸಿನಕಾಯಿ, ಹತ್ತಿಯ ಹೊಲಗಳಿಗೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ಕಾಲುವೆ ನೀರೇ ಜೀವ. ಕಾಲುವೆಗೆ ನೀರು ಬಿಟ್ಟರಾ ಇಲ್ಲವಾ ಎಂಬುದರ ಮೇಲೆ ಇಲ್ಲಿನ ಮನೆಗಳ ಮದುವೆ, ಮನೆ ಕಟ್ಟುವುದು, ಬಂಗಾರ ಕೊಳ್ಳುವುದು ಎಲ್ಲ ನಿಂತಿದೆ.

2024ರ ಆಗಸ್ಟ್ 10ರ ರಾತ್ರಿ ಈ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿತ್ತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು ಅದು, ಎಪ್ಪತ್ತು ವರ್ಷ ದಾಟಿತ್ತು. ಒಂದು ವರ್ಷದ ಅನ್ನದ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿರುವುದನ್ನು ನೋಡಿ ರೈತರ ಮನೆಯವರು ಕಂಗಾಲಾದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಂಡವೊಂದು ರಾತ್ರಿಹಗಲು ದುಡಿದು, ಹರಿಯುವ ನೀರಿನಲ್ಲೇ ‘ಸ್ಟಾಪ್‌ಲಾಗ್’ ಎಂಬ ಉಕ್ಕಿನ ತಡೆಗಳನ್ನು ಒಂದರ ಮೇಲೊಂದು ಇಳಿಸಿತು. ಒಂದು ವಾರದಲ್ಲಿ ನೀರು ನಿಂತಿತು. ದೇವರ ದಯೆ, ಆಮೇಲೆ ಮಳೆಯೂ ಬಂತು.

ಈಗ ಪದಗಳಿಗೆ ಬನ್ನಿ. ಕೊಚ್ಚಿಹೋದ ಗೇಟಿನ ಜಾಗಕ್ಕೆ ತಡೆ ಇಳಿಸಿದ್ದು ‘ರಿಯಾಕ್ಟಿವ್’ ಕೆಲಸ. ಅಂದರೆ ಅನಾಹುತ ಆದ ಮೇಲೆ ಮಾಡಿದ್ದು. ಅದು ಕೀಳು ಕೆಲಸ ಅಲ್ಲವೇ ಅಲ್ಲ, ಪ್ರಾಣ ಒತ್ತೆಯಿಟ್ಟು ಮಾಡಿದ ಸಾಹಸ. ಗಟ್ಟಿಯಾಗಿ ನಿಂತಿದ್ದ ಉಳಿದ ಗೇಟುಗಳೂ ಹಳೆಯವಾಗಿವೆ ಎಂದು ಪರೀಕ್ಷಿಸಿ, ಅವನ್ನೂ ಬದಲಿಸಬೇಕೆಂದು ತೀರ್ಮಾನಿಸಿದ್ದು ‘ಪ್ರೋಆಕ್ಟಿವ್’. ಅಲ್ಲಿಯವರೆಗೆ ಅಪಾಯ ಬೇಡ ಎಂದು 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ ಸುಮಾರು 80 ಟಿಎಂಸಿಗೆ ಸೀಮಿತಗೊಳಿಸಿದರಲ್ಲ, ಅದು ‘ಪ್ರಿಕಾಷನ್’, ನಮ್ಮ ಮುನ್ನೆಚ್ಚರಿಕೆ.

ಒಂದೇ ಅಣೆಕಟ್ಟು, ಮೂರು ಪದ! ಇನ್ನು ಮರೆಯಲಿಕ್ಕಿಲ್ಲ ಅಲ್ವಾ?

ಕನ್ನಡದಲ್ಲಿ ಏನನ್ನಬೇಕು?

ಒಂದೇ ಪದದಲ್ಲಿ ಹೇಳುವುದು ಕಷ್ಟ. ‘ಮುಂದಾಲೋಚನೆ’ ಅಂದರೆ ಯೋಚನೆ ಬಂತು, ಕೆಲಸ ಬರಲಿಲ್ಲ. ‘ಮುಂಜಾಗ್ರತೆ’ ಅಂದರೆ ಎಚ್ಚರ ಬಂತು, ಹೊಸದೊಂದನ್ನು ಶುರು ಮಾಡುವ ಉತ್ಸಾಹ ಬರಲಿಲ್ಲ. ‘ಸ್ವಯಂಪ್ರೇರಣೆ’ ಅಂದರೆ ತಾನಾಗಿ ಮಾಡುವುದು ಬಂತು, ‘ಮುಂಚೆಯೇ’ ಎಂಬುದು ಬಿಟ್ಟುಹೋಯಿತು. ಮೂರನ್ನೂ ಕೂಡಿಸಿ, ‘ಮೊದಲೇ ಯೋಚಿಸಿ ತಾನಾಗಿ ಮುಂದಾಗುವುದು’ ಎಂದರೆ ಸರಿಹೋದೀತು. ಆಡುಮಾತಿಗೆ ‘ಮುಂದಾಗುವುದು’ ಸಾಕು.

ಪದ ಇಂಗ್ಲಿಷಿನದಾದರೂ ವಿಚಾರ ನಮಗೆ ಹೊಸದಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಮ್ಮ ಹಿರಿಯರು ನಗುತ್ತಿದ್ದುದು ರಿಯಾಕ್ಟಿವ್ ಜನರನ್ನು ನೋಡಿಯೇ. ರೂಪನಗುಡಿಯಂಥ ನಮ್ಮ ಕಡೆಯ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳಿದ್ದ ಕಾಲ ನೆನಪಿಸಿಕೊಳ್ಳಿ. ಬೇಸಿಗೆ ಮುಗಿಯುವ ಮೊದಲೇ ಮಾಳಿಗೆಗೆ ಸವಳು ಮಣ್ಣು ಹಾಕಿ, ಬಡಿದು ಗಟ್ಟಿ ಮಾಡಬೇಕಿತ್ತು. ಮೊದಲ ಮಳೆಗೆ ಅಡುಗೆಮನೆ ಸೋರಿದ ಮೇಲೆ ಏಣಿ ಹುಡುಕಿದರೆ ಹಸೀ ಮಣ್ಣು ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ ಒಣಗಿಸುವುದು, ಕಾಳಿಗೆ ಬೇವಿನೆಲೆ ಹಾಕಿಡುವುದು, ವರ್ಷದ ಖಾರದಪುಡಿ ಕುಟ್ಟಿಸಿ ತುಂಬಿಡುವುದು... ಇದೆಲ್ಲ ಪ್ರೋಆಕ್ಟಿವ್ ಅಲ್ಲದೆ ಮತ್ತೇನು?

ಹತ್ತಿರದ ಪದಗಳ ಗೊಂದಲ

ಈ ಪದದ ಸುತ್ತ ಕೆಲವು ಅಕ್ಕತಂಗಿಯರಿದ್ದಾರೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಬೇಡಿ.

* ಪ್ರೊಡಕ್ಟಿವ್: ಕೇಳಲು ಹತ್ತಿರ, ಅರ್ಥ ದೂರ. ಕೊಟ್ಟ ಸಮಯದಲ್ಲಿ ಹೆಚ್ಚು ಕೆಲಸ ತೆಗೆಯುವುದು. ಹೇಳಿದ ಕೆಲಸವನ್ನೆಲ್ಲ ಚಕಚಕ ಮುಗಿಸಿ, ಹೇಳದ ಒಂದನ್ನೂ ಮುಟ್ಟದವನು ಪ್ರೊಡಕ್ಟಿವ್ ಹೌದು, ಪ್ರೋಆಕ್ಟಿವ್ ಅಲ್ಲ.
* ಹೈಪರ್‌ಆಕ್ಟಿವ್: ಅತಿ ಚಟುವಟಿಕೆ. ಒಂದು ಕಡೆ ಕೂರಲಾಗದ ಮಗುವಿಗೆ ಹೇಳುವ ಮಾತು. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ!
* ಇನಿಷಿಯೇಟಿವ್: ಮೊದಲ ಹೆಜ್ಜೆ ಇಡುವುದು. ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಗಣೇಶನ ಹಬ್ಬ ಮಾಡೋಣ ಎಂದು ಮೊದಲು ಹೇಳಿದವರು ಇನಿಷಿಯೇಟಿವ್ ತಗೊಂಡರು. ಅಲ್ಲಿ ಮುಂದಿನ ತೊಂದರೆಯ ಲೆಕ್ಕ ಇರಲೇಬೇಕೆಂದಿಲ್ಲ.
* ಪ್ರಿವೆಂಟಿವ್: ತಡೆಗಟ್ಟುವಂಥದ್ದು. ಲಸಿಕೆ, ಸೊಳ್ಳೆಪರದೆ ಪ್ರಿವೆಂಟಿವ್. ಅವನ್ನು ಯಾರೂ ಹೇಳುವ ಮೊದಲೇ ಏರ್ಪಾಟು ಮಾಡಿಕೊಂಡ ತಾಯಿ ಪ್ರೋಆಕ್ಟಿವ್.
* ಪ್ರಿ-ಎಂಪ್ಟಿವ್: ಎದುರಿನವರು ಏನಾದರೂ ಮಾಡುವ ಮೊದಲೇ ನಾವು ಮಾಡಿ ಅವರ ದಾರಿ ಮುಚ್ಚುವುದು. ಯುದ್ಧ, ವ್ಯಾಪಾರದ ಸುದ್ದಿಗಳಲ್ಲಿ ಹೆಚ್ಚು. ಇದರಲ್ಲಿ ಎದುರಾಳಿ ಇರಲೇಬೇಕು. ಪ್ರೋಆಕ್ಟಿವ್‌ಗೆ ಎದುರಾಳಿ ಬೇಕಿಲ್ಲ.

ಮಾತಿನಲ್ಲಿ ಬಳಸುವುದು ಹೀಗೆ

ವ್ಯಕ್ತಿಗೂ ಹೇಳಬಹುದು, ಕೆಲಸಕ್ಕೂ ಹೇಳಬಹುದು. ‘ಅವರು ತುಂಬಾ ಪ್ರೋಆಕ್ಟಿವ್’ ಎಂದರೂ ಸರಿ, ‘ಇದೊಂದು ಪ್ರೋಆಕ್ಟಿವ್ ಸ್ಟೆಪ್’ ಎಂದರೂ ಸರಿ. ಹೇಗೆ ಮಾಡಿದರು ಎಂದು ಹೇಳಲು ‘ಪ್ರೋಆಕ್ಟಿವ್ಲಿ’. ಗುಣದ ಹೆಸರು ‘ಪ್ರೋಆಕ್ಟಿವ್‌ನೆಸ್’ ಅಥವಾ ‘ಪ್ರೋಆಕ್ಟಿವಿಟಿ’.

ಇಂಟರ್‌ವ್ಯೂಗೆ ಹೊರಟ ಮಗನಿಗೋ ಮಗಳಿಗೋ ಒಂದು ಕಿವಿಮಾತು ಹೇಳಿ. ಬರೀ ‘ಐ ಆಮ್ ಪ್ರೋಆಕ್ಟಿವ್’ ಎಂದರೆ ಕೇಳುವವರು ಆಕಳಿಸುತ್ತಾರೆ. ಎಲ್ಲರೂ ಅದನ್ನೇ ಹೇಳಿರುತ್ತಾರೆ. ‘ಪ್ರಾಜೆಕ್ಟ್ ಕೊಡಲು ಇನ್ನೂ ಹತ್ತು ದಿನ ಇತ್ತು, ಕಾಲೇಜಿನ ಪ್ರಿಂಟರ್ ಕೈಕೊಡಬಹುದು ಅನ್ನಿಸಿ ಮೊದಲೇ ಹೊರಗೆ ಪ್ರಿಂಟ್ ತೆಗೆಸಿಟ್ಟೆ’ ಎಂದು ಒಂದು ಉದಾಹರಣೆ ಕೊಟ್ಟರೆ ಪದ ಬಾಯಿಗೆ ಬರದಿದ್ದರೂ ಅರ್ಥ ತಲುಪುತ್ತದೆ.

ಸರ್ಕಾರಿ ಕಚೇರಿಗಳಿಗೂ ಈ ಪದ ಅನ್ವಯಿಸುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ತಮ್ಮ ಕೆಲಸ, ಅಧಿಕಾರಿಗಳು, ಬಜೆಟ್, ಯೋಜನೆಗಳ ವಿವರವನ್ನು ಯಾರೂ ಅರ್ಜಿ ಹಾಕದಿದ್ದರೂ ತಾವಾಗಿಯೇ ಪ್ರಕಟಿಸಬೇಕು. ಇದಕ್ಕೆ ‘ಪ್ರೋಆಕ್ಟಿವ್ ಡಿಸ್‌ಕ್ಲೋಷರ್’ ಎನ್ನುತ್ತಾರೆ. ಕೇಳಿದ ಮೇಲೆ ಕೊಡುವುದು ಬೇರೆ, ಕೇಳುವ ಮೊದಲೇ ಕೊಡುವುದು ಬೇರೆ.

ಅವನು ಮಾಡಿದರೆ ಮುಂದಾಲೋಚನೆ, ಅವಳು ಮಾಡಿದರೆ...?

ಈಗ ಅಸಲಿ ಮಾತಿಗೆ ಬರೋಣ. ಆಫೀಸಿನಲ್ಲಿ ಗಂಡಸು ಹೇಳುವ ಮುಂಚೆ ಕೆಲಸ ಮಾಡಿದರೆ ಪ್ರೋಆಕ್ಟಿವ್ ಎಂದು ಪ್ರಮೋಷನ್ ಸಿಗುತ್ತದೆ. ಮನೆಯಲ್ಲಿ ಹೆಂಗಸು ಹಾಗೆ ಮಾಡಿದರೆ? ‘ಎಲ್ಲದಕ್ಕೂ ಮುಂದೆ ಬೀಳ್ತಾಳೆ’, ‘ಅಧಿಕಪ್ರಸಂಗಿ’, ‘ಯಾರು ಕೇಳಿದ್ರು ಇವಳನ್ನ?’ ಎಂಬ ಬಿರುದುಗಳು! ಅಥವಾ ಏನೂ ಇಲ್ಲ. ಇದು ಇನ್ನೂ ಹೆಚ್ಚು ನೋಯಿಸುತ್ತದೆ. ಗ್ಯಾಸ್ ಖಾಲಿಯಾಗಲಿಲ್ಲ, ಮಗುವಿನ ಲಸಿಕೆ ತಪ್ಪಲಿಲ್ಲ, ಮಾವನವರ ಬಿಪಿ ಮಾತ್ರೆ ಮುಗಿಯಲಿಲ್ಲ, ಕರೆಂಟ್ ಬಿಲ್ಲಿನ ದಿನ ದಾಟಲಿಲ್ಲ. ಆಗದೇ ಹೋದ ತೊಂದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ‘ನೀನು ಮನೇಲಿ ಏನ್ ಮಾಡ್ತೀಯ?’ ಎಂಬ ಪ್ರಶ್ನೆ ಹುಟ್ಟುತ್ತದೆ.

ಈ ಪದ ಕಲಿತರೆ ಒಂದು ಲಾಭ ಇದೆ. ಮಾಡುತ್ತಿರುವ ಕೆಲಸಕ್ಕೆ ಹೆಸರಿದ್ದರೆ ಅದನ್ನು ಎತ್ತಿ ತೋರಿಸಬಹುದು. ಜೊತೆಗೆ ವ್ಯತ್ಯಾಸವನ್ನೂ ಹೇಳಬಹುದು. ನಮ್ಮ ಕೈಯಲ್ಲಿರುವ, ನಮಗೆ ಸಂಬಂಧಿಸಿದ ಕೆಲಸಕ್ಕೆ ಮೊದಲೇ ಇಳಿಯುವುದು ಮುಂದಾಗುವುದು. ನಾದಿನಿಯ ಮಗಳ ಮದುವೆ ಯಾವಾಗ ಎಂದು ನಾವು ತೀರ್ಮಾನಿಸುವುದು ಮುಂದೆ ಬೀಳುವುದು! ಮೊದಲನೆಯದಕ್ಕೆ ಅಂಜಬೇಡಿ, ಎರಡನೆಯದಕ್ಕೆ ಹೋಗಬೇಡಿ.

ಹೆಣ್ಣು ಮುಂದಾಗಿ ನಾಡಿಗೇ ದಾರಿ ತೋರಿಸಿದ ಉದಾಹರಣೆ ಬೇಕೆ? ಸಿಡುಬು ಜನರನ್ನು ಕೊಲ್ಲುತ್ತಿದ್ದ ಕಾಲ. ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಭಾರತಕ್ಕೆ ಬಂದಾಗ ಹಾಕಿಸಿಕೊಳ್ಳಲು ಜನ ಹೆದರಿದರು. ಆಗ ಮೈಸೂರು ಅರಮನೆಯ ರಾಣಿಯರು ಮುಂದೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ವಯಸ್ಸಿನ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಸುಮಾರು 1805ರಲ್ಲಿ ಬರೆದ ರಾಣಿಯರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಅಂತಃಪುರದ ಹೆಣ್ಣು ಹೊರಗಿನವರಿಗೆ ಮುಖ ತೋರಿಸುವುದೇ ಅಪರೂಪವಾಗಿದ್ದ ಕಾಲವದು. ರೋಗ ಬಂದ ಮೇಲೆ ಅಳುವುದಕ್ಕಿಂತ ಬರುವ ಮೊದಲೇ ತೋಳು ಚಾಚುವುದು ಲೇಸು ಎಂದು ಅವರಿಗೆ ಅನ್ನಿಸಿತ್ತು.

ಅತಿಯಾದರೆ?

ಅತಿಯಾದರೆ ಅಮೃತವೂ ವಿಷ. ಪ್ರೋಆಕ್ಟಿವ್ ತಾಯಿಯ ಮಗಳು ಯಾಕೆ ಪ್ರೋಆಕ್ಟಿವ್ ಆಗಲಿಲ್ಲ ಎಂಬುದಕ್ಕೆ ಉತ್ತರ ಹಲವು ಬಾರಿ ತಾಯಿಯ ಹತ್ತಿರವೇ ಇರುತ್ತದೆ! ಬ್ಯಾಗ್ ನಾವೇ ತುಂಬಿಸ್ತೀವಿ, ಟೈಮ್‌ಟೇಬಲ್ ನಾವೇ ನೋಡ್ತೀವಿ, ಪೆನ್ಸಿಲ್ ಕೂಡ ನಾವೇ ಚೂಪು ಮಾಡಿಡ್ತೀವಿ. ಮಗು ಮುಂದಾಗಲು ಜಾಗವೆಲ್ಲಿದೆ? ಮಾಡಿಕೊಡುವುದನ್ನು ಸ್ವಲ್ಪ ನಿಲ್ಲಿಸಿ, ‘ನಾಳೆಗೆ ಏನೇನು ಬೇಕು?’ ಎಂದು ಹಿಂದಿನ ರಾತ್ರಿ ಕೇಳಿ. ಒಂದು ದಿನ ಜಾಮಿಟ್ರಿ ಬಾಕ್ಸ್ ಮರೆತು ಹೋದರೆ ಆಕಾಶ ಬೀಳುವುದಿಲ್ಲ.

ಇನ್ನೊಂದು, ಚಿಂತೆ ಮಾಡುವುದು ಪ್ರೋಆಕ್ಟಿವ್ ಅಲ್ಲ. ‘ಹಾಗಾದರೆ? ಹೀಗಾದರೆ?’ ಅಂತ ರಾತ್ರಿಯೆಲ್ಲ ಹೊರಳಾಡಿ ಬೆಳಗ್ಗೆ ಏನೂ ಮಾಡದಿದ್ದರೆ ನಿದ್ದೆ ಹೋಯಿತೇ ಹೊರತು ಕೆಲಸ ಆಗಲಿಲ್ಲ. ಯೋಚನೆಯ ಕೊನೆಗೆ ಒಂದು ಸಣ್ಣ ಕೆಲಸ ಬಂದರೆ ಮಾತ್ರ ಈ ಪದ ಒಪ್ಪುತ್ತದೆ.

ಪಟ್ಟಿಯಲ್ಲಿ ನೀವಿದ್ದೀರಾ?

ಮನೆಯವರಿಗೆಲ್ಲ ಮುಂಚಿತವಾಗಿ ಏರ್ಪಾಟು ಮಾಡುವ ನಾವು ನಮ್ಮ ಸರದಿ ಬಂದಾಗ ಪಕ್ಕಾ ರಿಯಾಕ್ಟಿವ್! ನೋವು ತಡೆಯಲಾಗದೆ ಹೋದಾಗಲೇ ಡಾಕ್ಟರ ಹತ್ತಿರ ಹೋಗುವುದು. ಈ ವಾರ ಇವುಗಳಲ್ಲಿ ಒಂದನ್ನಾದರೂ ಮಾಡಿ.

* ತಪಾಸಣೆ: 30 ವರ್ಷ ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ವಿಚಾರಿಸಿ. ‘ನಂಗೇನೂ ಆಗಿಲ್ಲ’ ಅನ್ನುವಾಗಲೇ ಹೋಗಬೇಕು, ತಪಾಸಣೆ ಇರುವುದೇ ಅದಕ್ಕೆ.
* ಮಗಳ ಲಸಿಕೆ: ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14ರ ವಯಸ್ಸು ಸೂಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗಳು ಆ ವಯಸ್ಸಿನವಳಾದರೆ ಡಾಕ್ಟರನ್ನು ಕೇಳಿ.
* ಗ್ಯಾಸ್ ಪೈಪ್: ಸ್ಟೌವಿನ ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯೂಬಿನ ಮೇಲಿರುವ ದಿನಾಂಕ ಇವತ್ತೇ ನೋಡಿ. ಬಿರುಕು ಕಂಡರೆ ಕಾಯಲೇಬೇಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.
* ಕಾಗದಪತ್ರ: ಬ್ಯಾಂಕ್ ಖಾತೆ, ಎಲ್‌ಐಸಿ, ಪಿಎಫ್‌ಗಳಲ್ಲಿ ನಾಮಿನಿ ಯಾರೆಂದು ಮನೆಯವರನ್ನು ಕೇಳಿ. ‘ಅಪಶಕುನ’ ಎಂದು ಹಿಂಜರಿಯಬೇಡಿ. ಪಾಲಿಸಿ ಎಲ್ಲಿದೆ, ಸಾಲ ಎಷ್ಟಿದೆ ಎಂಬುದು ಇಬ್ಬರಿಗೂ ಗೊತ್ತಿರಬೇಕು. ದುಃಖದ ದಿನ ಬೀರು ಹುಡುಕುವುದು ಬಹಳ ಕಷ್ಟ.
* ಫೋನಿನ ಹಣ: ಮೋಸಹೋದ ಕೂಡಲೇ 1930ಕ್ಕೆ ಕರೆ ಮಾಡುವುದು ರಿಯಾಕ್ಟಿವ್, ಅದೂ ಬೇಕು, ತಡಮಾಡಬಾರದು. ಒಟಿಪಿ ಯಾರಿಗೂ ಹೇಳದಿರುವುದು, ದಿನಕ್ಕೆ ಇಷ್ಟೇ ಕಳಿಸುವಂತೆ ಯುಪಿಐಗೆ ಮಿತಿ ಹಾಕಿಡುವುದು ಪ್ರೋಆಕ್ಟಿವ್.

ಇವನ್ನೆಲ್ಲ ಒಂದೇ ದಿನ ಮಾಡಲು ಹೋಗಿ ಸುಸ್ತಾಗಬೇಡಿ. ನಿಮ್ಮ ಮನೆಯಲ್ಲಿ ಈಗ ಚೆನ್ನಾಗೇ ಇರುವ, ಆದರೆ ವಯಸ್ಸಾಗಿರುವ ‘ಗೇಟು’ ಯಾವುದೆಂದು ಯೋಚಿಸಿ. ಅದು ಗ್ಯಾಸ್ ಪೈಪ್ ಆಗಿರಬಹುದು, ಬೀರುವಿನಲ್ಲಿರುವ ಹಳೆಯ ಪಾಲಿಸಿ ಆಗಿರಬಹುದು, ಆರು ತಿಂಗಳಿಂದ ‘ಆಮೇಲೆ ನೋಡೋಣ’ ಎಂದು ತಳ್ಳಿದ ನಿಮ್ಮದೇ ಬೆನ್ನುನೋವೂ ಆಗಿರಬಹುದು. ಅದೊಂದರಿಂದ ಶುರು ಮಾಡಿ. ‘ಇಷ್ಟು ಅವಸರ ಏನಿತ್ತು?’ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಈಗ ನಿಮ್ಮ ಹತ್ತಿರ ಒಂದು ಪದ ಇದೆಯಲ್ಲ!